ಶೇಕಡಾ ನೂರು

ಎಂಟನೆಯ ಕುಂಡದಲ್ಲೂ ಇರಲಿಲ್ಲ. ಅವಳು ಮೊಣಕೈವರೆಗೆ ಮಣ್ಣಿನೊಳಗೆ ಕೈ ಇಳಿಸಿ, ತಳದ ಕಲ್ಲುಚೂರುಗಳು ಬೆರಳಿಗೆ ತಾಗುವವರೆಗೂ ತಡಕಿದಳು. ಒಂದು ಎರೆಹುಳು ಸಿಕ್ಕಿತು. ಆರು ತಿಂಗಳ ಹಿಂದೆ ಅದನ್ನು ಹೂತಿರಲಿಲ್ಲ.

"ಸೊನ್ನೆ ಅಂತ ಬರೀಲಾ ಅಕ್ಕಾ?" ರಿಜಿಸ್ಟರ್ ಹಿಡಿದು ನಿಂತಿದ್ದ ಜೂನಿಯರ್ ಹುಡುಗಿ ಕೇಳಿದಳು.

"ಬರಿ."

"ಎಂಟಕ್ಕೆ ಎಂಟೂ ಸೊನ್ನೆ! ಸೂಪರ್ ಅಲ್ವಾ?"

ಸೂಪರ್ ಎನ್ನಬೇಕಿತ್ತು. ಈ ಎಂಟು ಕುಂಡಗಳಲ್ಲಿ ಹೂತಿದ್ದು ಏಳು ವರ್ಷ ಅವಳು ಕಾಯಿಸಿ, ಕಲಕಿ, ಒಣಗಿಸಿ ಮಾಡಿದ ಹಾಳೆಯ ತುಂಡುಗಳು. ಪಿಷ್ಟದಿಂದ ಮಾಡಿದ್ದು. ಪ್ಲಾಸ್ಟಿಕ್ಕಿನ ಜಾಗದಲ್ಲಿ ಬಳಸಿ ಬಿಸಾಡಿದರೆ ಮಣ್ಣಿನಲ್ಲಿ ತಾನೇ ಕರಗಿಹೋಗಬೇಕಾದದ್ದು. ಭೂಮಿಯನ್ನು ಕಾಪಾಡುವ ಈ ಅಂಗೈಯಗಲದ ಹಾಳೆಗಾಗಿ ಅವಳು ಇದುವರೆಗೆ ಬಿಸಾಡಿದ ಪ್ಲಾಸ್ಟಿಕ್ ಕೈಗವಸುಗಳನ್ನು ಒಟ್ಟು ಹಾಕಿದರೆ ಒಂದು ಕೋಣೆ ತುಂಬುತ್ತಿತ್ತು. ಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯವಿರಲಿಲ್ಲ.

ಇನ್ನು ನಾಲ್ಕು ಕುಂಡಗಳಿದ್ದವು. ಅವುಗಳಲ್ಲಿ ಹೋಲಿಕೆಗೆಂದು ಹೂತಿದ್ದು ಮಾಮೂಲಿ ಪ್ಲಾಸ್ಟಿಕ್, ಅಂಗಡಿ ಚೀಲದಿಂದ ಕತ್ತರಿಸಿದ ತುಂಡುಗಳು. ಮಣ್ಣಿನಲ್ಲಿ ಹಾಗೇ ಬಿದ್ದಿದ್ದು, ಅವಳ ಹಾಳೆ ಎಷ್ಟು ಒಳ್ಳೆಯದೆಂದು ಸಾಕ್ಷಿ ಹೇಳುವುದಷ್ಟೇ ಅವುಗಳ ಕೆಲಸ.

ಒಂಬತ್ತನೆಯದರಲ್ಲಿ ಇರಲಿಲ್ಲ. ಹತ್ತರಲ್ಲಿ, ಹನ್ನೊಂದರಲ್ಲಿ ಇರಲಿಲ್ಲ. ಹನ್ನೆರಡನೆಯ ಕುಂಡವನ್ನು ಬೋರಲು ಹಾಕಿ ಮಣ್ಣನ್ನು ನೆಲದ ಮೇಲೆ ಹರಡಿದಳು. ಮಣ್ಣಿತ್ತು.

"ಅಕ್ಕಾ, ಮಾಮೂಲಿ ಪ್ಲಾಸ್ಟಿಕ್ಕೂ ಕರಗಿಬಿಡ್ತಾ?"

ಅವಳು ಹರಡಿದ ಮಣ್ಣನ್ನು ಮತ್ತೊಮ್ಮೆ ಕೆದಕಿದಳು.

"ಇದನ್ನ ಬರೀಲಾ, ಬಿಡ್ಲಾ?"

ಹುಡುಗಿ ಸೇರಿ ಎಂಟು ತಿಂಗಳಾಗಿತ್ತಷ್ಟೇ. ಚುರುಕಾಗಿದ್ದಾಳೆ, ಬೇಗ ಡಾಕ್ಟರೇಟ್ ಮುಗಿಸುತ್ತಾಳೆ ಎಂದುಕೊಂಡಳು.

ಅಷ್ಟರಲ್ಲಿ ಗೈಡ್ ಬಂದರು. ಮಧ್ಯಾಹ್ನ ಮೂರಕ್ಕೆ ಪ್ಯಾಕಿಂಗ್ ಸಾಮಾನು ತಯಾರಿಸುವ ಕಂಪನಿಯ ಮುಖ್ಯಸ್ಥರು ಈ ಹಾಳೆ ನೋಡಲು ಬರುವವರಿದ್ದರು. ಬೆಳಿಗ್ಗೆಯಿಂದಲೇ ಗೈಡ್ ಕೋಟು ಹಾಕಿಕೊಂಡು ಬೆವರುತ್ತಿದ್ದರು. ರಿಜಿಸ್ಟರ್ ಇಸಿದುಕೊಂಡು ಎಂಟು ಸೊನ್ನೆಗಳ ಮೇಲೆ ಬೆರಳಾಡಿಸಿದರು.

"ಶೇಕಡಾ ನೂರು! ಮಣ್ಣಿಗೆ ಟೈಮ್ ಕೊಡಿ ಅಂತ ನಾನು ಹೇಳಿರ್ಲಿಲ್ವಾ?"

ಹೇಳಿದ್ದರು. ಮೂರನೆಯ ತಿಂಗಳಲ್ಲಿ ಅವಳು ಎರಡು ಕುಂಡ ಅಗೆದು ನೋಡಿದ್ದಳು. ಹಾಳೆ ಹೂತ ದಿನ ಹೇಗಿತ್ತೋ ಹಾಗೇ ಇತ್ತು, ತೂಕದಲ್ಲಿ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮತ್ತೆ ಹೂತಿಟ್ಟಿದ್ದಳು. ಓಡಿಹೋಗಿ ಹೇಳಿದಾಗ ಅವರು ಅದೇ ಮಾತು ಹೇಳಿ ಫೋನೆತ್ತಿಕೊಂಡಿದ್ದರು.

"ಸರ್, ಕಂಟ್ರೋಲೂ ಇಲ್ಲ."

"ಏನು?"

"ಹೋಲಿಕೆಗೆ ಹೂತಿದ್ದ ಪ್ಲಾಸ್ಟಿಕ್. ಅದೂ ಇಲ್ಲ. ಯಾರೋ ಎಲ್ಲಾನೂ ತೆಗೆದಿದಾರೆ ಅನ್ಸುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. ಕಿವಿಗೆ ಬಿದ್ದದ್ದು ಹಿಡಿಸದಿದ್ದರೆ ಅವರು ಯಾವಾಗಲೂ ಒರೆಸುತ್ತಿದ್ದುದು ಕನ್ನಡಕವನ್ನೇ.

"ನಿಮಗೆ ಮೂರು ಸಲ ಅವಧಿ ವಿಸ್ತರಿಸಿದಾರೆ. ನಾಲ್ಕನೇದು ಇಲ್ಲ. ಗೊತ್ತಲ್ಲ?"

"ಗೊತ್ತು ಸರ್."

"ಪ್ರಬಂಧ ಒಪ್ಪಿಸೋಕೆ ಎಷ್ಟು ದಿನ ಇದೆ?"

"ಇಪ್ಪತ್ತು."

"ಮತ್ತೆ ಹೂತು ತೆಗೆಯೋಕೆ?"

"ಆರು ತಿಂಗಳು."

"ಯಾರೋ ತೆಗೆದಿದಾರೆ ಅನ್ನೋದಕ್ಕೆ ಪುರಾವೆ ಇದೆಯಾ? ಇಲ್ಲ. ಕರಗಿದೆ ಅನ್ನೋದಕ್ಕೆ ಎಂಟು ಕುಂಡ ಇದೆ." ಅವರು ಕನ್ನಡಕ ಏರಿಸಿಕೊಂಡರು. "ಆ ನಾಲ್ಕನ್ನ ಒಳಗಿಡಿ. ನೋಡೋಕೆ ಚೆನ್ನಾಗಿಲ್ಲ."

ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಅವಳಿಗೆ ಕಲಿಸಿದವರೂ ಅವರೇ.

ಕೈ ತೊಳೆಯುತ್ತಿದ್ದಾಗ ಗಂಡನ ಫೋನು ಬಂತು.

"ಆಯ್ತಾ?"

ಏಳು ವರ್ಷಗಳಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಕೇಳುವುದು ಅದೊಂದನ್ನೇ. ಅತ್ತೆ ಬಂದವರಿಗೆಲ್ಲ ಅವಳನ್ನು "ನಮ್ಮ ಸೊಸೆ, ಇನ್ನೂ ಓದ್ತಾ ಇದಾಳೆ" ಎಂದು ಪರಿಚಯಿಸುತ್ತಿದ್ದರು, ಇನ್ನೂ ಕೆಮ್ಮುತ್ತಿದ್ದಾಳೆ ಎನ್ನುವ ಹಾಗೆ.

"ಎಲ್ಲಾ ಕರಗಿದೆ," ಎಂದಳು.

"ಅದೇ ತಾನೇ ಬೇಕಾಗಿದ್ದು?"

"ಅದೇ."

"ಮತ್ತೆ ದನಿ ಯಾಕೆ ಹಂಗಿದೆ? ಆಯ್ತು ಅಂತ ಅಮ್ಮನಿಗೆ ಹೇಳ್ಲಾ?"

"ಹೇಳಿ."

ಫೋನಿಟ್ಟ ಮೇಲೆ ಅವಳಿಗೆ ಹೊಳೆಯಿತು. ಕುಂಡಗಳಿದ್ದ ಪ್ರಯೋಗಾಲಯದ ಹಿತ್ತಲಿಗೆ ದಿನವೂ ಕಾಲಿಡುವ ಮನುಷ್ಯರು ಒಬ್ಬರೇ, ಕಸ ಗುಡಿಸುವ ಹೆಂಗಸು. ಮೆಟ್ಟಿಲ ಕೆಳಗಿನ ಪೊರಕೆ ಕೋಣೆಯಲ್ಲಿ ಆಕೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು.

"ಅಮ್ಮಾ, ಹಿಂದಿರೋ ಕುಂಡದ ಮಣ್ಣು ಕೆದಕಿದ್ರಾ?"

"ಹೂಂ, ಹೋದ ವಾರ. ದೊಡ್ಡೋರು ಬರ್ತಾರೆ, ಹಿತ್ತಲು ಚೊಕ್ಕ ಮಾಡು ಅಂತ ನಿಮ್ಮ ಸಾಹೇಬ್ರೇ ಹೇಳಿದ್ರು. ಬರೀ ಮಣ್ಣು ತುಂಬಿಟ್ಟಿದ್ರಲ್ಲ, ಎರಡು ಹೂವಿನ ಗಿಡನಾದ್ರೂ ನೆಡೋಣ ಅಂತ ಕೈ ಹಾಕಿದೆ. ನೋಡಿದ್ರೆ ಕುಂಡಕ್ಕೊಂದು ಪ್ಲಾಸ್ಟಿಕ್! ಗೋಡೆ ತುಂಬಾ ಭೂಮಿ ಉಳಿಸಿ, ಭೂಮಿ ಉಳಿಸಿ ಅಂತ ಬರೀತೀರಿ. ಮಣ್ಣಲ್ಲಿ ಕಸ ಬಚ್ಚಿಡೋಕೆ ನಾಚಿಕೆ ಆಗಲ್ವಾ ಮೇಡಂ, ಓದಿದೋರಿಗೆ?"

"ಎಸೆದ್ರಾ?"

"ಎಸೆಯೋಕೆ ಮನಸ್ಸು ಬರ್ಲಿಲ್ಲ. ಒಳ್ಳೇ ಗಟ್ಟಿ ಮಾಲು." ಆಕೆ ಗೂಡಿನಿಂದ ಒಂದು ಡಬ್ಬಿ ತೆಗೆದಳು. ಹನ್ನೆರಡು ತುಂಡುಗಳು, ತೊಳೆದು, ಒಣಗಿಸಿ, ಅಂಚಿಗೆ ಅಂಚು ಸೇರಿಸಿ ಜೋಡಿಸಿದ್ದಳು. ಮೂಲೆಗಳಲ್ಲಿ ಮಾಸದ ಶಾಯಿಯ ಗುರುತುಗಳು. ಎ ಒಂದರಿಂದ ಎ ಎಂಟು ಅವಳ ಹಾಳೆಗಳು. ಸಿ ಒಂದರಿಂದ ಸಿ ನಾಲ್ಕು ಅಂಗಡಿ ಚೀಲ.

ಅವಳು ಎ ಐದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಮೊದಲ ನಾಲ್ಕು ವರ್ಷ ಇದು ಹರಿಯುತ್ತದೆ, ಮುಟ್ಟಿದರೆ ಹರಿಯುತ್ತದೆ ಎಂದು ರಾತ್ರಿಯೆಲ್ಲ ಅತ್ತಿದ್ದಳು. ಆಮೇಲೆ ಒಂದೊಂದೇ ಬೆರೆಸುತ್ತ ಗಟ್ಟಿ ಮಾಡಿದ್ದಳು. ಗಟ್ಟಿಯಾಗಿತ್ತು. ಇಡೀ ಜಗತ್ತಿನಲ್ಲಿ ಇದುವರೆಗೆ ಇರದಿದ್ದ ಒಂದು ಹೊಸ ಪ್ಲಾಸ್ಟಿಕ್ ಅನ್ನು ಅವಳು ಕಂಡುಹಿಡಿದಿದ್ದಳು.

"ಕಸ ತೆಗೆದ್ರೆ ಅಳೋರನ್ನ ಇವತ್ತೇ ನೋಡಿದ್ದು," ಎಂದಳು ಹೆಂಗಸು. "ಬೇಕಾದ್ರೆ ತಗೊಂಡ್ಹೋಗಿ. ನಾನೇನು ಮಾಡ್ಲಿ ಅದನ್ನ."

ತುಂಡುಗಳನ್ನು ಬಿಳಿ ಕೋಟಿನ ಜೇಬಿಗೆ ತುರುಕಿಕೊಂಡಳು. ಪುರಾವೆ ಸಿಕ್ಕಿತ್ತು. ನಡೆದರೆ ಸರಪರ ಸದ್ದು ಮಾಡುತ್ತಿತ್ತು.

ಮೂರು ಗಂಟೆಗೆ ಹಿತ್ತಲಲ್ಲಿ ಎಂಟು ಕುಂಡಗಳು ಸಾಲಾಗಿ ನಿಂತಿದ್ದವು. ಮುಖ್ಯಸ್ಥರು ಅಂಗಿಯ ತೋಳು ಮಡಚಿ ಒಂದರೊಳಗೆ ಕೈ ಹಾಕಿ ಮಣ್ಣು ಹಿಸುಕಿದರು.

"ಏನೂ ಇಲ್ಲ!"

"ಏನೂ ಇಲ್ಲ," ಎಂದರು ಗೈಡ್, ತಾವೇ ಆ ಇಲ್ಲವನ್ನು ತಯಾರಿಸಿದ ಹೆಮ್ಮೆಯಿಂದ. "ಶೇಕಡಾ ನೂರು. ಎಲ್ಲಾ ಇವರದೇ ಶ್ರಮ."

"ಹೂಳೋ ಮುಂಚೆ ಹೇಗಿರುತ್ತಮ್ಮಾ? ಒಂದು ತೋರ್ಸಿ."

ಒಳಗೆ ಬೀರುವಿನಲ್ಲಿ ಹೊಸ ಹಾಳೆಗಳಿದ್ದವು. ಜೂನಿಯರ್ ತರಲು ತಿರುಗಿದಳು. ಆದರೆ ಇವಳ ಕೈ ಆಗಲೇ ಕೋಟಿನ ಜೇಬಿನೊಳಗೆ ಹೋಗಿತ್ತು. ಹುಡುಕಿ, ಗುರುತು ನೋಡಿ, ಬೇಕೆಂದೇ ಸಿ ಮೂರನ್ನು ತೆಗೆದು ಕೊಟ್ಟಳು. ಬಾಯಿ ಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಯಾರಾದರೂ ಕಣ್ಣು ಬಿಟ್ಟು ಓದಲಿ ಎಂದುಕೊಂಡಳು.

ಮುಖ್ಯಸ್ಥರು ಅದನ್ನು ಬೆಳಕಿಗೆ ಹಿಡಿದರು, ಎಳೆದರು, ಮೂಸಿದರು.

"ಅಬ್ಬಾ! ಥೇಟ್ ಪ್ಲಾಸ್ಟಿಕ್ಕೇ! ಆದ್ರೆ ಮಣ್ಣಿನ ವಾಸನೆ ಇದೆ ನೋಡಿ. ನೈಸರ್ಗಿಕ ಅಂದ್ರೆ ಇದು."

ಅವರು ಅದನ್ನು ಗೈಡಿಗೆ ದಾಟಿಸಿದರು. ಗೈಡ್ ಮೂಲೆಯ ಅಕ್ಷರ ಓದಿದರು. ಓದಿದ್ದು ಅವಳಿಗೆ ಕಂಡಿತು. ತಲೆಯೆತ್ತಿ ಅವಳ ಕಡೆ ನೋಡಿದರು. ಉಳಿದ ಹನ್ನೊಂದೂ ಅವಳ ಜೇಬಿನಲ್ಲಿವೆ ಎಂಬುದು ಆ ಒಂದು ಗಳಿಗೆಯಲ್ಲಿ ಅವರಿಗೆ ತಿಳಿಯಿತು. ಈಗ ಹೇಳಲಿ, ಬೈಯಲಿ, ಆಚೆ ಹಾಕಲಿ. ಅವಳು ಕಾದಳು.

ಅವರು ಕನ್ನಡಕ ತೆಗೆದು ಒರೆಸಿದರು.

"ನೋಡಿದ್ರೆ ವ್ಯತ್ಯಾಸವೇ ಗೊತ್ತಾಗಬಾರದು. ಅದೇ ನಮ್ಮ ಸಾಧನೆ," ಎಂದರು.

"ಹಾಗಾದ್ರೆ ಒಂದು ನನ್ನ ಕೈಯಿಂದಲೇ ಹೂಳ್ತೀನಿ," ಎಂದರು ಮುಖ್ಯಸ್ಥರು ಉಮೇದಿನಿಂದ. "ಎಲ್ಲಾ ಕಡೆ ಸಸಿ ನೆಡಿಸಿ ನೆಡಿಸಿ ಸಾಕಾಗಿದೆ. ಇದು ಹೊಸತು. ಬನ್ನಿ ಸರ್, ಬಾಮ್ಮಾ, ಮೂವರೂ ಸೇರಿ."

ಜೂನಿಯರ್ ಫೋನೆತ್ತಿ ಚೌಕಟ್ಟು ನೋಡಿದಳು. ಮೂರು ಕೈಗಳು ಕೂಡಿ ಸಿ ಮೂರನ್ನು ಮಣ್ಣಿಗೆ ಇಳಿಸಿದವು. ಯಾರೋ ನೀರಿನ ಮಗ್ ತಂದುಕೊಟ್ಟರು. ಮುಖ್ಯಸ್ಥರು ಎಳೆಗೂಸಿನ ತಲೆಗೆ ಹೊಯ್ಯುವಂತೆ ಮೆಲ್ಲಗೆ ನೀರೆರೆದರು. ಚಪ್ಪಾಳೆ ಬಿತ್ತು.

ನೀರು ಇಂಗಿತು. ಮಣ್ಣು ಕುಸಿಯಿತು. ಪ್ಲಾಸ್ಟಿಕ್ಕಿನ ಒಂದು ತುದಿ ಮೊಳಕೆಯ ಹಾಗೆ ಹೊಳೆಯುತ್ತ ಮೇಲೆದ್ದಿತು.

"ಅಕ್ಕಾ, ಸ್ವಲ್ಪ ನಗಿ."

ಅವಳು ಹೆಬ್ಬೆರಳಿನಿಂದ ಅದನ್ನು ಒಳಗೆ ಒತ್ತಿದಳು. ಬೆರಳೆತ್ತಿದಳು. ಅದು ಎದ್ದಿತು. ಮತ್ತೆ ಒತ್ತಿದಳು.

"ಕಾಫಿ ಆರುತ್ತೆ, ಬನ್ನಿ," ಎಂದು ಗೈಡ್ ಮುಖ್ಯಸ್ಥರ ಬೆನ್ನಿಗೆ ಕೈ ಕೊಟ್ಟು ಕರೆದುಕೊಂಡು ಹೋದರು. ಅವಳ ಕಡೆ ನೋಡಲಿಲ್ಲ.

"ಬರಲ್ವಾ ಅಕ್ಕಾ?" ಜೂನಿಯರ್ ಬಾಗಿಲಲ್ಲಿ ನಿಂತು ಕೇಳಿದಳು.

"ನೀನು ನಡಿ."

ಬಾಗಿಲು ಮುಚ್ಚಿಕೊಂಡಿತು. ಒಳಗಿಂದ ನಗು, ಕಪ್ಪುಗಳ ಸದ್ದು. ಅವಳು ಕುಂಡದ ಮೇಲೆ ಬಾಗಿಯೇ ಇದ್ದಳು. ಬೆನ್ನು ಹಿಡಿದುಕೊಳ್ಳತೊಡಗಿತ್ತು. ಹೆಬ್ಬೆರಳಿನ ಕೆಳಗೆ, ಒದ್ದೆ ಮಣ್ಣಿನೊಳಗೆ, ಅದು ಸಣ್ಣಗೆ, ಬೇಸರವಿಲ್ಲದೆ, ಮೇಲಕ್ಕೆ ತಳ್ಳುತ್ತಿತ್ತು.