ಎಲ್ಲೆಕಲ್ಲು ದಾಟಿದ ಮೇಲೆ

ಈಗೀಗ ನಮ್ಮನೆ ಬಾಗಿಲಿಗೆ ಹಾಡಹಗಲಲ್ಲೂ ಚಿಲಕ. ಹೊರಗೆ ಬೈಕ್ ನಿಂತ ಸದ್ದಾದರೆ ಸಾಕು, ಮಗಳನ್ನು ಎಳೆದುಕೊಂಡು ಅಡುಗೆಮನೆಗೆ ಓಡುತ್ತೇನೆ. ನಾನೇನು ಪುಕ್ಕಲಿಯಲ್ಲ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಮೈಮೇಲೆ ಬಿದ್ದವನ ಕಪಾಳಕ್ಕೆ ಬಾರಿಸಿ ಬೆಳೆದವಳು. ಆದರೆ ಒಬ್ಬನಾದರೆ ಬಾರಿಸಬಹುದು, ಇಡೀ ಊರಿಗೆ ಬಾರಿಸಲು ನನಗಿರುವುದು ಎರಡೇ ಕೈ.

ನಾನು ಮಾಡಿದ ಮಹಾಪರಾಧ ಏನು ಅಂದರೆ, ನನ್ನ ಮಗಳನ್ನು ಉಳಿಸಿಕೊಂಡೆ.

ಕಡಬದ ಕೆರೆಯಾಚೆಗಿನ ಈ ಊರಿಗೆ ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ನರಸಿಂಹಮ್ಮ ಹೇಳಿದ್ದರು: ಹಾವು ಕಚ್ಚಿದವರು ಊರಿನ ಎಲ್ಲೆಕಲ್ಲು ದಾಟಬಾರದು. ಹುತ್ತದಪ್ಪನ ಗುಡಿಗೆ ಎತ್ತಿಕೊಂಡು ಹೋಗಬೇಕು. ಅರಿಶಿನದ ದಾರ ಕಟ್ಟಿ, ತೀರ್ಥ ಕುಡಿಸಿ, ಬೆಳಗಾಗುವವರೆಗೆ ನಿದ್ದೆ ಹೋಗದಂತೆ ಮಾತಾಡಿಸುತ್ತ ಕೂರಬೇಕು. ಯಾರಾದರೂ ಕಚ್ಚಿಸಿಕೊಂಡು ಕಲ್ಲು ದಾಟಿದರೆ ಸ್ವಾಮಿ ಇಡೀ ಊರನ್ನೇ ಕೈಬಿಡುತ್ತಾನೆ. ಕೇರೆಹಾವು ಕಚ್ಚಿದವರೆಲ್ಲ ಬೆಳಿಗ್ಗೆ ಎದ್ದು ಕಾಫಿ ಕುಡಿದರು, ಸ್ವಾಮಿಗೆ ಹೆಸರು ಬಂತು. ಏಳದೇ ಇದ್ದವರದು ಅವರವರ ಕರ್ಮ. ಪಕ್ಕದ ಮನೆ ಗಿರಿಯಕ್ಕನ ಒಬ್ಬನೇ ಮಗ ಮುದ್ದುರಂಗ ಹೋದ ವರ್ಷ ಏಳಲಿಲ್ಲ.

ನಮ್ಮ ಭೂಮಿಕಾಗೆ ಕಚ್ಚಿದ್ದು ತೋಟದಲ್ಲಿ, ತೆಂಗಿನ ಮಟ್ಟೆ ರಾಶಿಯ ಪಕ್ಕ. ಕೊಳಕುಮಂಡಲ. ಕಣ್ಣಾರೆ ಕಂಡೆ. ಮಗುವಿನ ಕಾಲು ನೋಡನೋಡುತ್ತಿದ್ದಂತೆ ಊದಿಕೊಂಡಿತು. ನನ್ನ ಗಂಡ ಹನುಮಂತರಾಜು ಗುಡಿಯ ಕಡೆ ನೋಡಿದರು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.

“ಮಗೂನ ಎತ್ಕೊಂಡು ಹಿಂದೆ ಕೂತ್ಕೊತೀರೋ, ಇಲ್ಲಾ ನಾನೇ ಕಟ್ಕೊಂಡು ಹೋಗ್ಲೋ?”

ಪುಣ್ಯಾತ್ಮ, ಕೂತರು. ಎಲ್ಲೆಕಲ್ಲು ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದರಂತೆ, ಆಮೇಲೆ ಹೇಳಿದರು. ಗುಬ್ಬಿಯಲ್ಲಿ ಇಂಜೆಕ್ಷನ್ ಶುರು ಮಾಡಿ, ಆಂಬ್ಯುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ಮಗಳು ಕುಂಟುತ್ತಾ ಮನೆಗೆ ಬಂದಳು, ಬಂದವಳೇ ಉಪ್ಪಿಟ್ಟು ಬೇಡ ಅಂತ ರಂಪ ಮಾಡಿದಳು. ನನಗೆ ಸಂತೋಷಕ್ಕೆ ಅಳು ಬಂತು.

ಊರಿಗೆ ಮಾತ್ರ ಸಂತೋಷವಾಗಲಿಲ್ಲ. ಡೈರಿಯಲ್ಲಿ ನಮ್ಮ ಹಾಲು ಹಾಕಿಸಿಕೊಳ್ಳಲಿಲ್ಲ. ಕಾಯಿ ಕೀಳುವವನು ಫೋನ್ ಎತ್ತಲಿಲ್ಲ. ಯಾರದೋ ಹಸು ಹಾವು ಕಚ್ಚಿ ಸತ್ತಿತು, ಅದೂ ನನ್ನ ತಲೆಗೇ ಬಂತು. ಒಂದು ಬೆಳಿಗ್ಗೆ ಗೇಟಿಗೆ ಸತ್ತ ಹಾವು ನೇತಾಡುತ್ತಿತ್ತು. ಅದನ್ನು ಮೊದಲು ನೋಡಿದ್ದು ಭೂಮಿಕಾ. ಆವತ್ತಿನಿಂದ ಅವಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ.

“ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ ಅಂತ ಗಾದೆ ಸುಮ್ನೆ ಮಾಡವ್ರಾ?” ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ಮೊಮ್ಮಗಳ ಕಾಲಿಗೆ ಕೊಬ್ಬರಿ ಎಣ್ಣೆ ಸವರಿದರು.

ಕೊನೆಗೆ ಪೂಜಾರಿ ಜುಂಜಪ್ಪ ಹೇಳಿಕಳಿಸಿದ. ಸೋಮವಾರದ ಪೂಜೆಯಾದ ಮೇಲೆ ಗುಡಿಯಲ್ಲಿ ಎಲ್ಲರ ಮುಂದೆ ಕಳಶ ಮುಟ್ಟಿ, ಮಗುವನ್ನು ಉಳಿಸಿದ್ದು ಸ್ವಾಮಿ, ಆಸ್ಪತ್ರೆಯಲ್ಲ ಅಂತ ನಾನು ಹೇಳಬೇಕು. ಹೇಳಿದರೆ ಎಲ್ಲ ಮೊದಲಿನಂತೆ. ಇಲ್ಲದಿದ್ದರೆ ಊರಲ್ಲಿ ನಮಗೆ ನೀರೂ ಇಲ್ಲ, ನೆರಳೂ ಇಲ್ಲ.

“ಒಂದ್ ಮಾತು ಕಣೇ. ಹೇಳ್ಬುಡು. ನಾಲ್ಗೆ ಏನ್ ಸವದೋಗುತ್ತಾ?” ಅಂದರು ನನ್ನ ಗಂಡ.

ಸುಳ್ಳು ಯಾಕೆ, ಹೇಳಲೆಂದೇ ಹೊರಟೆ. ಭಯ ಅಷ್ಟಿತ್ತು. ಗುಡಿ ತುಂಬ ಜನ, ಒಬ್ಬರೂ ನನ್ನ ಮುಖ ನೋಡುತ್ತಿಲ್ಲ. ಕಳಶದ ಮೇಲೆ ಕೈಯಿಟ್ಟೆ. ಮುಂದಿನ ಸಾಲಿನಲ್ಲಿ ಊರ ಮಕ್ಕಳು ಕಾಲು ಚಾಚಿ ಕೂತು ಕಡ್ಲೆಪುರಿ ತಿನ್ನುತ್ತಿದ್ದವು. ಎಲ್ಲವೂ ಬರಿಗಾಲು. ಮಣ್ಣು ಮೆತ್ತಿದ, ಗೆರೆ ಬಿದ್ದ ಸಣ್ಣ ಸಣ್ಣ ಕಾಲುಗಳು. ಮುಂದಿನ ಸಲ ಇವುಗಳಲ್ಲಿ ಯಾವುದೋ ಒಂದು ಕಾಲು ಊದಿಕೊಂಡಾಗ ಆ ಮಗುವಿನ ಅಮ್ಮ ಏನನ್ನುತ್ತಾಳೆ? “ಪ್ರಮೀಳಾನೇ ಕಳಶ ಮುಟ್ಟಿ ಹೇಳಿಲ್ವಾ” ಅನ್ನುತ್ತಾಳೆ. ಅಯ್ಯೋ ಶಿವನೇ! ಕಳಶದಿಂದ ಕೈ ತೆಗೆದೆ.

“ಮಗು ಉಳಿದಿದ್ದು ಇಂಜೆಕ್ಷನ್‌ನಿಂದ. ದಾರ ಕಟ್ಟಿ, ತೀರ್ಥ ಕೊಡಿ, ನಾನು ಬೇಡ ಅನ್ನಲ್ಲ. ಆದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಿಮ್ ಕೈ ಮುಗೀತೀನಿ.”

ಜುಂಜಪ್ಪ ಬಾಯಿ ತೆರೆಯುವ ಮೊದಲೇ ಗಿರಿಯಕ್ಕ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಮುದ್ದುರಂಗ ಹೋದ ಮೇಲೆ ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಹಂಗಾದ್ರೆ ನನ್ ಮಗನ್ನ ನಾನೇ ಕೊಂದ್ನೇನೇ? ಹೇಳೇ! ಅಲ್ಲ ಅನ್ನೇ!”

ಇಡೀ ಗುಡಿ ಆ ಒಂದು ‘ಅಲ್ಲ’ಕ್ಕೆ ಕಾಯುತ್ತಿತ್ತು. ಕಂಬಕ್ಕೊರಗಿದ್ದ ಮುದುಕನೊಬ್ಬ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅವನ ತಂಗಿಯೂ ಇದೇ ಗುಡಿಯಲ್ಲಿ ಹೋದವಳಂತೆ. ಹೀಗೆ ಎಷ್ಟು ಮನೆಗಳೋ. ನನ್ನ ಮಗು ಉಳಿದದ್ದನ್ನು ಇವರು ಹೇಗೆ ಕ್ಷಮಿಸುತ್ತಾರೆ? ‘ಅಲ್ಲ’ ಅನ್ನಲು ಬಾಯಿ ತೆರೆದೆ. ಬರಲಿಲ್ಲ.

“ಊರು ಬಿಡಿಸ್ರೋ ಇವ್ಳನ್ನ!” ಎಂದು ಹಿಂದಿನಿಂದ ಯಾರೋ ಕೂಗಿದರು. ಗಂಡ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಓಡಿದರು. ನಮ್ಮನೆ ಛಾವಣಿಯ ಶೀಟಿನ ಮೇಲೆ ಕಲ್ಲು ಬಿದ್ದದ್ದು ಆವತ್ತೇ.

ಇವತ್ತು ನನ್ನ ಗಂಡ ಪೊಲೀಸ್ ಸ್ಟೇಷನ್ನಿಗೆ ಹೇಳಿಬರುತ್ತೇನೆಂದು ಗುಬ್ಬಿಗೆ ಹೋದರು. ಮಧ್ಯಾಹ್ನ ಅತ್ತೆ ಒಳಗೆ ಮಲಗಿದ್ದರು. ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ಕಾಯಿ ಒಡೆಯುವ ಮಚ್ಚು ತೆಗೆದುಕೊಂಡು, ಭೂಮಿಕಾಳನ್ನು ಬೆನ್ನಿಗೆ ಸರಿಸಿಕೊಂಡೆ.

“ನಾನು ಕಣೇ, ಪ್ರಮೀಳಾ. ಒಬ್ಳೇ ಇದೀನಿ.”

ಗಿರಿಯಕ್ಕ. ತೆರೆಯಲೋ ಬೇಡವೋ ಎಂದು ತುಂಬ ಹೊತ್ತು ನಿಂತೆ. ಬಾಗಿಲು ತೆರೆದಾಗ ಅವಳು ಒಳಗೆ ಬಂದು ಗೋಡೆಗೊರಗಿ ಕುಕ್ಕರಿಸಿದಳು. ಮಚ್ಚನ್ನು ನೋಡಿದಳು. ಭೂಮಿಕಾಳ ಪಾದ ಹಿಡಿದು, ಕಚ್ಚಿದ ಕಲೆಯ ಮೇಲೆ ಹೆಬ್ಬೆರಳು ಸವರಿದಳು.

“ಎಷ್ಟೊತ್ತೊಳ್ಗೆ ಸೂಜಿ ಹಾಕ್ಸಿದ್ರೆ ಜೀವ ಉಳೀತದೆ?”

ಈಗಲಾದರೂ ಸುಳ್ಳು ಹೇಳಬಾರದೇ ಅನ್ನಿಸಿತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಎಷ್ಟು ಬೇಗ ಹೋದ್ರೆ ಅಷ್ಟು ಒಳ್ಳೇದಂತೆ, ಅಕ್ಕ.”

ಗಿರಿಯಕ್ಕ ಮೆಲ್ಲಗೆ ತಲೆಯಾಡಿಸಿದಳು. “ಬೆಳಗಾಗೋಗಂಟ ಮಾತಾಡ್ತಾನೇ ಇದ್ದ ಕಣೇ ನನ್ ಮುದ್ರಂಗ. ಅವ್ವ, ನಿದ್ದೆ ಬತ್ತದೆ, ಮನಿಕ್ಕತೀನಿ ಅಂದ. ನಾನೇ ಬಿಡ್ಲಿಲ್ಲ. ಕೆನ್ನೆಗೆ ಹೊಡದು ಹೊಡದು ಎಬ್ಬಿಸ್ದೆ.”

ನಾನು ಮಚ್ಚನ್ನು ಕೆಳಗಿಟ್ಟು ಅವಳ ಪಕ್ಕ ಕೂತೆ.

ಹೊರಗೆ ಬೀದಿಯಲ್ಲಿ ಬೈಕುಗಳು ಬಂದು ನಿಂತವು. ಒಂದಲ್ಲ, ನಾಲ್ಕೈದು. ಜುಂಜಪ್ಪನ ದನಿ ಕೇಳಿಸಿತು. ಭೂಮಿಕಾ ನನ್ನ ಸೆರಗು ಬಿಗಿಯಾಗಿ ಹಿಡಿದುಕೊಂಡಳು.

ಗಿರಿಯಕ್ಕ ಎದ್ದು, ತೆರೆದೇ ಇದ್ದ ಹಿತ್ತಿಲ ಬಾಗಿಲನ್ನು ಒಳಗಿನಿಂದ ಮುಚ್ಚಿ ಚಿಲಕ ಹಾಕಿದಳು. ಬಂದು ಭೂಮಿಕಾಳನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು.