ಅಂಟದ ರೋಗ

ಭಾರತಮ್ಮ ದೂರದಲ್ಲೇ ನಿಂತು ಚೆಂಬಿನಿಂದ ನೀರು ಎರಚಿದರು. ಅರ್ಧ ಹೆಣದ ಕಾಲಿಗೆ ಬಿತ್ತು, ಅರ್ಧ ನೆಲದ ಪಾಲಾಯಿತು.

"ಮುಖ ಮುಟ್ಟೋದು ಬೇಡ. ಅರಿಸಿನಾನೂ ನೀರಿಗೇ ಕಲಸಿ ಹುಯ್ದುಬಿಡಿ," ಎಂದರು.

ಸತ್ತವಳು ಅವರ ಕಿರಿಸೊಸೆ ರಂಜಿತ. ಗಂಡ ನಂದಕುಮಾರ್ ಇದ್ದಾನೆ, ಮುತ್ತೈದೆಯಾಗಿಯೇ ಹೋದವಳು. ಇಂಥವಳಿಗೆ ಕೆನ್ನೆ ತುಂಬ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಹೂ ಮುಡಿಸಲು ಹೆಂಗಸರು ನಾ ಮುಂದು ತಾ ಮುಂದು ಎನ್ನಬೇಕಿತ್ತು. ಹುತ್ತೂರಿನಿಂದ ಬಂದ ನೆಂಟರು ಮಾತ್ರ ಬಂದಿದ್ದೇ ದೊಡ್ಡದು ಎನ್ನುವ ಹಾಗೆ ಮೂಗಿಗೆ ಸೆರಗು ಹಿಡಿದು ಗೋಡೆಗೆ ಅಂಟಿಕೊಂಡಿದ್ದರು.

ಹಿರಿಸೊಸೆ ಸುನಂದ ಮರೆಗೆ ಕಟ್ಟಿದ ಸೀರೆಯ ಒಳಗೆ ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು. ತಾನು ಒಂದು ಮಾತು ಆಡಿದರೆ ಇವರೆಲ್ಲ ಹತ್ತಿರ ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

* * *

ರಂಜಿತಳಿಗೆ ಕಾಯಿಲೆ ಶುರುವಾದ ವರ್ಷ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳು ಊದಿಕೊಂಡು, ಒಡೆದು, ಹಾಲಿನಂಥ ನೀರು ಸುರಿಸಿ ಸತ್ತವು. ಪಕ್ಕದ ಮನೆಯ ರೋಗದ ಹುಳು ನೋಡಿ ಬಂದು, ಕೈಕಾಲು ತೊಳೆಯದೆ ಹುಳುಮನೆಗೆ ನುಗ್ಗಿ ಸೊಪ್ಪು ಹಾಕಿದವಳು ಸುನಂದ. ಅದೇ ದಿನಗಳಲ್ಲಿ ರಂಜಿತಳ ಮೂಗಿನ ಮೇಲೆ, ಎರಡೂ ಕೆನ್ನೆಗೆ ಕೆಂಪು ಹರಡಿತ್ತು.

"ಇವಳ ಮುಖದ್ದೇ ಹುಳಕ್ಕೆ ಅಂಟಿರೋದು," ಎಂದು ಭಾರತಮ್ಮ ತೀರ್ಮಾನ ಕೊಟ್ಟರು. ರಂಜಿತಳಿಗೆ ಹುಳುಮನೆಯ ಬಾಗಿಲು ಮುಚ್ಚಿತು, ಊಟದ ತಟ್ಟೆ ಬೇರೆಯಾಯಿತು. ಸುನಂದ ಬಾಯಿ ಬಿಡಲಿಲ್ಲ.

ಕೀಲುನೋವಿಗೆ ಒಂದು ಕಡೆ, ಮುಖಕ್ಕೆ ಇನ್ನೊಂದು ಕಡೆ ಎಂದು ಅಲೆದು ಸಾಕಾದ ಮೇಲೆ ಕೋಲಾರದ ಡಾಕ್ಟರಮ್ಮ ಒಬ್ಬರು ಕೂರಿಸಿಕೊಂಡು ಕೇಳಿದರು: ಬಿಸಿಲಿಗೆ ಕೆಂಪು ಜಾಸ್ತಿಯಾಗುತ್ತಾ? ಬಾಯಲ್ಲಿ ಹುಣ್ಣು ಬರುತ್ತಾ? ಕೂದಲು ಉದುರುತ್ತಾ? ಮೂತ್ರ ನೊರೆನೊರೆ ಹೋಗುತ್ತಾ? ಜೊತೆಗೆ ಬಂದಿದ್ದ ನಂದಕುಮಾರ್, ಸುನಂದರ ಎದುರು ರಂಜಿತ ಎಲ್ಲಕ್ಕೂ ಹೂಂ ಎಂದಳು. ರಕ್ತ, ಮೂತ್ರ, ಕೊನೆಗೆ ಕಿಡ್ನಿಯ ಚೂರನ್ನೂ ತೆಗೆದು ನೋಡಿದರು.

"ಇದು ಲೂಪಸ್ಸು. ಬರೀ ರಕ್ತದ ಟೆಸ್ಟ್ ನೋಡಿ ಹೇಳಕ್ಕಾಗಲ್ಲಮ್ಮ, ಎಲ್ಲಾ ಸೇರಿಸಿ ನೋಡ್ಬೇಕು. ರೋಗ ಬಂದ್ರೆ ಹೊಡೆದಾಡಬೇಕಾದ ಶಕ್ತಿ ಇದ್ಯಲ್ಲ, ಅದೇ ಇವರ ಮೈಮೇಲೆ ತಿರುಗಿಬಿದ್ದಿದೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ."

ಬಸ್ಸಿನಲ್ಲಿ ರಂಜಿತ ಸುನಂದಳ ಕೈ ಹಿಡಿದುಕೊಂಡಳು. "ಅಕ್ಕ, ನಾನೂ ಇವರೂ ಹೇಳಿದ್ರೆ ಅತ್ತೆ ಕೇಳಲ್ಲ. ನೀನು ಹೇಳು, ನಂಬ್ತಾರೆ."

ಮನೆಯಲ್ಲಿ ಭಾರತಮ್ಮ ಮಗನ ಮಾತನ್ನು ಅರ್ಧಕ್ಕೇ ತಡೆದು ಸುನಂದಳ ಕಡೆ ತಿರುಗಿದರು. "ನೀನೂ ಹೋಗಿದ್ದೆಯಲ್ಲ. ಏನಂದ್ರು?"

ಅಂಟಲ್ಲ ಎಂದರೆ, ಹಾಗಾದರೆ ಹುಳು ಸತ್ತಿದ್ದು ಹೇಗೆ ಎಂಬ ಪ್ರಶ್ನೆ ತನ್ನ ಬುಡಕ್ಕೇ ಬರುತ್ತದೆಂದು ಸುನಂದಳಿಗೆ ಹೊಳೆಯಿತು.

"ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ ಅತ್ತೆ," ಎಂದಳು.

* * *

ಸುನಂದ ಕೂತು, ಬರಿಗೈಯಲ್ಲಿ ಅರಿಸಿನ ತೆಗೆದು ರಂಜಿತಳ ಕೆನ್ನೆಗೆ ಹಚ್ಚಿದಳು. ಕೆನ್ನೆ ತಣ್ಣಗಿತ್ತು. ಬದುಕಿದ್ದಾಗ ಈ ಮುಖವನ್ನು ಒಮ್ಮೆಯಾದರೂ ಮುಟ್ಟಬಾರದಿತ್ತೇ ಎನಿಸಿತು.

ಪಕ್ಕದ ಮನೆ ವೆಂಕಟರತ್ನಮ್ಮ ಸೀರೆಯ ಮರೆಯಿಂದ ಇಣುಕಿದರು. "ಅಯ್ಯೋ ಪಾಪಂ, ನೋಡ್ರಮ್ಮ. ಅಂಟೋ ಕಾಯಿಲೆ ಅಂತ ಗೊತ್ತಿದ್ರೂ ಮುಟ್ತಾವ್ಳೆ. ಎಂಥಾ ಮನಸ್ಸು ಸುನಂದಂದು."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಹೊಗಳಿದ್ದಕ್ಕೆ ಸುನಂದ ತಲೆ ಎತ್ತಿದಳು.

"ಅಂಟಲ್ಲ ರತ್ನಮ್ಮಕ್ಕ. ಡಾಕ್ಟ್ರು ನನ್ನೆದುರಿಗೇ ಹೇಳಿದ್ರು."

ಭಾರತಮ್ಮನ ಕೈಯ ಚೆಂಬು ನಿಂತಿತು. "ಅರ್ಥ ಆಗ್ಲಿಲ್ಲ ಅಂದೆ ನೀನು."

"ಆಗಿತ್ತು ಅತ್ತೆ. ಹುಳ ಸತ್ತಿದ್ದೂ ನನ್ನಿಂದ. ಕೈಕಾಲು ತೊಳೀದೆ ಒಳಗೆ ಹೋಗಿದ್ದೆ."

ಭಾರತಮ್ಮ ನಿಧಾನವಾಗಿ ಬಂದು ಒದ್ದೆ ನೆಲದಲ್ಲೇ ಕೂತರು. ಸುನಂದಳ ಕೈಯಿಂದ ಬಟ್ಟಲು ತೆಗೆದುಕೊಂಡರು.

"ಈಚೆಗೆ ಏಳು," ಎಂದರು. "ನೀನು ಮುಟ್ಬೇಡ."

ಎರಡೂ ಅಂಗೈಗೆ ಅರಿಸಿನ ಬಳಿದುಕೊಂಡು ಸೊಸೆಯ ಮುಖವನ್ನು ಹಿಡಿದುಕೊಂಡರು. ಗೋಡೆಯ ಬಳಿಯಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು, ಒಬ್ಬರಿಗೊಬ್ಬರು ಸರಿದು ಜಾಗ ಮಾಡಿಕೊಟ್ಟರು. ಅವರ ಬೆನ್ನುಗಳ ಹಿಂದೆ ಸುನಂದ ಹಳದಿ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು.