ಗಾದೆಮ್ಮನ ಪಾಳಿ

ಮಘೆ ಮಳೆ ಬಂದಂತೆ ಮಾಡಿ ಹಚ್ಚೊಳ್ಳಿಯನ್ನು ಹಾಗೇ ದಾಟಿ ಹೋಗಿತ್ತು. ಕಾಲುವೆಯಲ್ಲಿ ನೀರಿತ್ತು, ಅದೂ ಮೇಲಿನ ಊರುಗಳವರ ಗದ್ದೆ ಕುಡಿದು ಬಿಟ್ಟಷ್ಟು. ಸಸಿಮಡಿಯಲ್ಲಿ ಹೆಣ್ಣಾಳುಗಳು ಸಾಲಾಗಿ ಬಗ್ಗಿ ನೆಲ್ಲಿನ ಸಸಿ ಕೀಳುತ್ತಿದ್ದರು. ಬೇರಿನ ಕೆಸರನ್ನು ನೀರಿನಲ್ಲಿ ಜಾಲಾಡಿ, ಹಿಡಿ ತುಂಬುತ್ತಲೇ ಕಟ್ಟಿ ಹಿಂದಕ್ಕೆಸೆದು, ಮತ್ತೆ ಬಗ್ಗುವುದು. ಗದ್ದೆ ತನ್ನದೇ ಆದರೂ ಜಂಬಮ್ಮ ಆ ಸಾಲಿನಲ್ಲೇ ಇದ್ದಳು. ಬೆಳಿಗ್ಗೆಯಿಂದ ಬಗ್ಗಿದ ಸೊಂಟ ಈಗ ನೋಯುವುದನ್ನೂ ಬಿಟ್ಟಿತ್ತು. ಅದು ತನ್ನದಲ್ಲವೇನೋ ಎನ್ನುವಂತೆ ಸುಮ್ಮನಿತ್ತು.

“ಜಂಬಕ್ಕ, ಸೋಮವಾರ ವಿಮಾನ ಹತ್ತೋರು ಇವತ್ತೂ ಸಸಿ ಕೀಳ್ತಾರೇನು?” ಎಂದು ಒಬ್ಬಾಕೆ ಕೆಣಕಿದಳು.

“ವಿಮಾನ ಹತ್ತಿದ್ರ ಸಸಿ ತಾನ ಎದ್ದು ಬರತೈತೇನು? ಕೈ ಆಡ್ಸವ್ವ” ಎಂದಳು ಜಂಬಮ್ಮ. ಎಲ್ಲರೂ ನಕ್ಕರು. ನಗುವಷ್ಟು ತ್ರಾಣ ಆಕೆಗಿರಲಿಲ್ಲ.

ಈ ವಿಮಾನದ ಗಂಟು ಬಿದ್ದದ್ದು ಹೆಸರಿನಿಂದ. ಗಂಡ ಚಿದಾನಂದಪ್ಪ ಸಿರುಗುಪ್ಪದಲ್ಲಿ ಬೀಜ, ಔಷಧದ ಅಂಗಡಿ ತೆರೆದಾಗ ಸೊಸೈಟಿಯಲ್ಲಿ ನೌಕರಿಯಲ್ಲಿದ್ದ. ನೌಕರಿಯವನ ಹೆಸರಿಗೆ ಲೈಸೆನ್ಸ್ ಬೇಡವೆಂದು ಹೆಂಡತಿಯ ಹೆಸರಿಗೆ ಮಾಡಿಸಿದ. ಬೋರ್ಡಿನ ಮೇಲೂ ಅದೇ ಹೆಸರು: ಜಂಬಮ್ಮ ಆಗ್ರೋ ಟ್ರೇಡರ್ಸ್. ನೌಕರಿ ಹೋಯಿತು, ಹೆಸರು ಹಾಗೇ ಉಳಿಯಿತು. ಆ ಅಂಗಡಿಯ ಕುರ್ಚಿಯ ಮೇಲೆ ಆಕೆ ಒಂದು ದಿನವೂ ಕುಳಿತದ್ದಿಲ್ಲ. ಬುತ್ತಿ ಕೊಟ್ಟು ಹೊರಗಿನಿಂದಲೇ ಬಸ್ಸಿಗೆ ಓಡುತ್ತಿದ್ದಳು. ಈ ವರ್ಷ ಔಷಧದ ಕಂಪನಿಯವರು ಹೆಚ್ಚು ಮಾಲು ಮಾರಿದವರನ್ನು ಸ್ಪೇನ್ ದೇಶದ ಸಮುದ್ರದಂಡೆಯ ಊರು ವೆಲೆನ್ಸಿಯಾಕ್ಕೆ ಕರೆದೊಯ್ಯುತ್ತೇವೆಂದರು. ಲೈಸೆನ್ಸಿನಲ್ಲಿ ಹೆಸರಿದ್ದವರು, ಅವರ ಜೊತೆಗೊಬ್ಬರು. ಮಾಲು ಮಾರಿದವನು ಚಿದಾನಂದಪ್ಪ; ಕರೆ ಬಂದದ್ದು ಜಂಬಮ್ಮನಿಗೆ. ಗಂಡನೇ ಆಕೆಯ ಜೊತೆಗಾರ.

“ಬರೋದಿಲ್ಲ ಅನಬ್ಯಾಡಲೇ. ನೀ ಇಲ್ಲಂದ್ರ ನನ್ನ ಸೀಟೂ ಇಲ್ಲ” ಎಂದು ಅವನು ಗೋಗರೆದಿದ್ದ. ಆಕೆ ಒಪ್ಪಿದಳು. ಬೇಡವೆಂದು ವಾದಿಸುವುದಕ್ಕಿಂತ ಹೋಗಿ ಬರುವುದೇ ಹಗುರ ಅನ್ನಿಸಿತ್ತು.

ಹಗುರವೇನೂ ಆಗಲಿಲ್ಲ. ವೀಸಾಕ್ಕೆಂದು ಬೆಂಗಳೂರಿಗೆ ಹೋದಾಗ ಗಾಜಿನ ಮೇಲೆ ಬೆರಳೊತ್ತಿದರೆ ಗೆರೆಯೇ ಮೂಡಲೊಲ್ಲದು. ಅಲ್ಲಿನ ಹುಡುಗಿ ಒರೆಸಿ ಒರೆಸಿ ಮತ್ತೆ ಒತ್ತಿಸಿದಳು. “ಏನು ಕೆಲಸ ಮಾಡ್ತೀರಾಮ್ಮ?” ಎಂದು ಕೇಳಿದಳು. ಅರ್ಜಿಯಲ್ಲಿ ವ್ಯಾಪಾರ ಎಂದಿತ್ತು. ಜಂಬಮ್ಮ ತನ್ನ ಕೈ ನೋಡಿಕೊಂಡು, “ವ್ಯಾಪಾರ” ಎಂದಳು.

ಸಂಜೆ ಕೆಸರು ತೊಳೆದು ಮನೆಗೆ ಬರುವಷ್ಟರಲ್ಲಿ ಅನುಷಾ ಬಂದು ಕುಳಿತಿದ್ದಳು. ಕುರುಗೋಡಿನಲ್ಲಿರುವ ತಂಗಿಯ ಮಗಳು; ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕೋಣೆ ಹಿಡಿದು, ಕಂಟೋನ್ಮೆಂಟಿನ ಒಂದು ಪ್ರವಾಸದ ಆಫೀಸಿನಲ್ಲಿ ಕೆಲಸ ಮಾಡುವವಳು. ಕಂಪನಿಯವರು ಏನೇ ಗೊತ್ತುಮಾಡಿರಲಿ, ದೊಡ್ಡಮ್ಮ ದೊಡ್ಡಪ್ಪನ ದಿನಗಳನ್ನು ತಾನೇ ಹೊಂದಿಸಬೇಕೆಂಬುದು ಅವಳ ಹುರುಪು. ಬರುವಾಗ ಜಂಬಮ್ಮನಿಗೊಂದು ಜೊತೆ ಬೂಟು ತಂದಿದ್ದಳು.

“ಹಾಕ್ಕೊಂಡು ಅಡ್ಡಾಡು ದೊಡ್ಡಮ್ಮ. ಹೊಸಾವು ಕಚ್ಚತಾವು.”

“ಆಮ್ಯಾಲೆ ನೋಡಾಣ” ಎಂದು ಜಂಬಮ್ಮ ಗೋಡೆಗೆ ಒರಗಿ, ಮೊಣಕಾಲಿಗೆ ಎಣ್ಣೆ ತಿಕ್ಕತೊಡಗಿದಳು.

ಚಿದಾನಂದಪ್ಪ ಕುರ್ಚಿ ಎಳೆದುಕೊಂಡು ಹುಡುಗಿಯ ಎದುರು ಕುಳಿತ. ಅನುಷಾ ಫೋನು ನೋಡಿ ಹೇಳಲು ಶುರುಮಾಡಿದಳು.

“ಮಂಗಳವಾರ ಮಧ್ಯಾಹ್ನ ಮುಟ್ತೀರಿ. ಅವತ್ತು ಸಂಜಿ ಹಳೇ ಊರು, ರೇಷ್ಮಿ ವ್ಯಾಪಾರ ಮಾಡ್ತಿದ್ದ ಕಲ್ಲಿನ ಮಹಲು.”

“ಅಲ್ಲಿ ಕುಂದ್ರಾಕ ಇರತೈತೇನು?” ಜಂಬಮ್ಮ ಕೇಳಿದಳು.

“ಬಯಲಾಗ ಬೆಂಚು ಇರತಾವ. ಬುಧವಾರ ಮೀನಿನ ಮನಿ. ಗಾಜಿನ ಸುರಂಗದಾಗ ಹೊಂಟ್ರ ತಲಿ ಮ್ಯಾಲೆ ಶಾರ್ಕ್ ಈಸ್ತಾವ.”

“ಅಲ್ಲಿ?”

“ಏ, ಮೀನು ನೋಡಾಕ ಹೋಗಿ ಕುಂದ್ರಾದು ಕೇಳ್ತಿಯಲ್ಲಲೇ!” ಚಿದಾನಂದಪ್ಪ ರೇಗಿದ.

“ನೀವು ಮೀನು ನೋಡ್ರಿ. ನಾ ಕುಂತು ನಿಮ್ಮನ್ನ ನೋಡ್ತೀನಿ.”

ಅನುಷಾ ನಗು ತಡೆದು ಮುಂದಕ್ಕೆ ಹೋದಳು. ಆ ಊರ ನಡುವೆ ಒಂದು ಹೊಳೆ ಹರಿಯುತ್ತಿತ್ತಂತೆ; ಒಮ್ಮೆ ಊರನ್ನೇ ಮುಳುಗಿಸಿದ ಮೇಲೆ ಅದನ್ನು ಹೊರಗಿನಿಂದ ತಿರುಗಿಸಿ, ಒಣಗಿದ ಪಾತ್ರದಲ್ಲಿ ಉದ್ದಕ್ಕೂ ತೋಟ ಮಾಡಿದ್ದಾರಂತೆ.

“ಹೊಳಿನ ತಿರುಗಿಸ್ಯಾರಂತ ಕೇಳಿದೇನು? ನಮ್ಮಲ್ಲಿ ಒಂದು ತೂಬಿನ ಬಾಗಲ ತಿರುಗಸಾಕ ಊರಿಗೂರೇ ಜಗಳಾಡತೈತಿ” ಎಂದ ಚಿದಾನಂದಪ್ಪ.

“ಶುಕ್ರವಾರ ಊರ ಹೊರಗಿನ ಕೆರಿ. ಸುತ್ತಲೂ ನೆಲ್ಲಿನ ಗದ್ದಿ. ಅಲ್ಲಿ ಈಗ ಕೊಯ್ಲಿನ ಕಾಲ.”

ಜಂಬಮ್ಮನ ಕೈ ಮೊಣಕಾಲ ಮೇಲೆ ನಿಂತಿತು. ನಾಟಿ ಮುಗಿಯುವ ಮುಂಚೆ ಇಲ್ಲಿಂದ ಹೊರಟು, ಕೊಯ್ಲಿನ ಹೊತ್ತಿಗೆ ಅಲ್ಲಿಗೆ ಮುಟ್ಟುವುದು. ನಡುವಿನ ಕಳೆ, ಗೊಬ್ಬರ, ನೀರು ಯಾವುದೂ ಇಲ್ಲ. ಅದೊಂದು ಆಕೆಗೆ ಹಿಡಿಸಿತು.

“ಗುರುವಾರ ಕಂಪನಿ ಏನೂ ಇಟ್ಟಿಲ್ಲ. ನಿಮಗ ಬಿಟ್ಟದ್ದು. ದೊಡ್ಡಪ್ಪ, ನಿನಗಂತ ಒಂದು ಹುಡುಕೀನಿ.” ಅನುಷಾ ಕಾಲು ಮಡಚಿ ಸರಿಯಾಗಿ ಕುಳಿತಳು. “ಅಲ್ಲಿ ದೊಡ್ಡ ಚರ್ಚಿನ ಬಾಗಲದಾಗ ಪ್ರತಿ ಗುರುವಾರ ಮಧ್ಯಾಹ್ನ ಎಂಟು ಮಂದಿ ರೈತರು ಕರೀ ಅಂಗಿ ತೊಟ್ಟು ದುಂಡಗ ಕುಂದ್ರತಾರ. ಎಂಟು ಕಾಲುವಿಗೆ ಎಂಟು ಮಂದಿ. ನೀರಿನ ಜಗಳ ಇದ್ದೋರು ಅವರ ಮುಂದ ನಿಂತು ಹೇಳಬೇಕು. ನೂರಾರು ವರ್ಷದಿಂದ ನಡದೈತಿ. ವಕೀಲರಿಲ್ಲ. ಎಲ್ಲಾ ಬಾಯಿಮಾತು.”

ಚಿದಾನಂದಪ್ಪ ತೊಡೆ ತಟ್ಟಿದ. ಊರಿನ ಕಾಲುವೆ ಕಮಿಟಿಯಲ್ಲಿ ಪಾಳಿ ಹಂಚುವವನು ಅವನೇ. ಯಾರ ಗದ್ದೆಗೆ ಯಾವ ದಿನ ನೀರು ಎಂಬ ಜಗಳದಲ್ಲೇ ಅವನ ಅರ್ಧ ಕೂದಲು ಹೋಗಿತ್ತು. “ಅದನ್ನ ನೋಡ್ಲೇಬೇಕು! ನಾನೂ ಅವರಂಥೋನೇ ಅಂತ ಹೇಳಬೇಕವ್ವ. ಆ ಎಂಟು ಮಂದಿ ನಡುವ ನಿಂತು ಒಂದು ಫೋಟೋ. ದೊಡ್ಡದು ಮಾಡ್ಸಿ ಅಂಗಡ್ಯಾಗ ತೂಗುಹಾಕ್ತೀನಿ.”

“ಅನುಷಾ,” ಜಂಬಮ್ಮ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟಳು. “ಒಬ್ಬರ ಪಾಳಿ ಇನ್ನೊಬ್ಬರು ಬಾಯಿಮಾತಿನ್ಯಾಗ ಇಸ್ಕೊಂಡು, ತಿರುಗಿ ಕೊಡದಿದ್ರ ಅವರು ಏನ್ ಮಾಡ್ತಾರ?”

“ಕರಸ್ತಾರ ದೊಡ್ಡಮ್ಮ. ಅಲ್ಲೇ ನಿಂದ್ರಿಸಿ ಹೇಳಿಬಿಡ್ತಾರ. ಅದರ ಮ್ಯಾಲೆ ಅಪೀಲೂ ಇಲ್ಲಂತ.”

ಚಿದಾನಂದಪ್ಪ ಹೆಂಡತಿಯ ಮುಖ ನೋಡಿದ. “ಶನಿವಾರದ್ದು ಹೇಳವ್ವ ಅನುಷಾ” ಎಂದ.

ಹುಡುಗಿಗೆ ಗೊತ್ತಿರಲಿಲ್ಲ, ಗಂಡಹೆಂಡಿರಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಚಿದಾನಂದಪ್ಪ ಎದೆನೋವೆಂದು ಬಳ್ಳಾರಿಯಲ್ಲಿ ಆಸ್ಪತ್ರೆ ಸೇರಿದ್ದ. ಅದೇ ವಾರ ಕಾಲುವೆಯ ದಂಡೆ ಒಡೆದು ಇವರ ಪಾಳಿ ತಪ್ಪಿತು. ನೆಲ್ಲು ಹಾಲು ತುಂಬುವ ಹೊತ್ತು. ಆಗ ಕೆಳಗಿನ ಗದ್ದೆಯ ಗಾದೆಮ್ಮ ಯಾರೂ ಕೇಳದೆ, “ನನ್ನ ಪಾಳಿ ನೀರು ನಿನ್ನ ಗದ್ದಿಗೆ ಕಟ್ಟಿಗ್ಯೋ ಜಂಬಮ್ಮ. ನಿನ್ನ ಪಾಳಿ ಬಂದಾಗ ಕೊಡುವಂತಿ” ಎಂದು ನೀರು ಮೇಲಕ್ಕೇ ಬಿಟ್ಟುಕೊಟ್ಟಳು. ಗಂಡ ತೀರಿದ ಮೇಲೆ ಒಬ್ಬಳೇ ಬೇಸಾಯ ಮಾಡುತ್ತಿದ್ದ ಹೆಂಗಸು. ಇವರ ಗದ್ದೆ ಕಾಳು ಕಟ್ಟಿತು. ಅವಳದು ಜೊಳ್ಳಾಯಿತು.

ಆಮೇಲೆ ಪಾಳಿಗಳು ಬಂದವು, ಹೋದವು. ಪ್ರತಿ ಸಲವೂ ಒಂದು ಕಾರಣ: ಗೊಬ್ಬರ ಹಾಕಿದ್ದೇವೆ, ಹುಳ ಬಿದ್ದಿದೆ, ಕಾಲುವೆಯಲ್ಲಿ ನೀರು ಕಮ್ಮಿ, ಮುಂದಿನ ಸಲ. ಗಾದೆಮ್ಮ ಒಮ್ಮೆಯೂ ಕೇಳಲಿಲ್ಲ. ಅವಳು ಕೇಳಿದ್ದರೆ ಜಂಬಮ್ಮ ಜಗಳವಾಡಿ ಹಗುರಾಗುತ್ತಿದ್ದಳು. ಬದುವಿನ ಮೇಲೆ ಎದುರಾದಾಗೆಲ್ಲ ಅವಳು “ಉಂಡ್ಯಾ ಜಂಬಮ್ಮ?” ಎನ್ನುತ್ತಿದ್ದಳು, ಅಷ್ಟೇ. ಈ ಸಲ ಕೊನೆಯ ತೂಬಿಗೆ ನೀರು ಮುಟ್ಟದೆ ಅವಳ ಸಸಿ ಮಡಿಯಲ್ಲೇ ಬಲಿಯುತ್ತಿತ್ತು. ಇನ್ನೊಂದು ವಾರ ಹೋದರೆ ಅದನ್ನು ನೆಟ್ಟರೂ ಅಷ್ಟೇ, ದನಕ್ಕೆ ಹಾಕಿದರೂ ಅಷ್ಟೇ.

ಉಣ್ಣುವಾಗ ಜಂಬಮ್ಮ ರೊಟ್ಟಿ ಬಡಿಸುತ್ತ ಅಂದಳು: “ರೀ, ಭಾನುವಾರದ ಪಾಳಿ ಗಾದೆಮ್ಮಕ್ಕಗ ಬಿಡೂನು.”

“ನಮ್ಮ ಉಳಿದ ಎರಡೆಕರಿ ನಾಟಿ ಮುಗಿಸಿ, ನಿಶ್ಚಿಂತಿಲೆ ವಿಮಾನ ಹತ್ತೂನು. ಬಂದ ಮ್ಯಾಲೆ ಆಕಿದು.”

“ಬಂದ ಮ್ಯಾಲೆ ಆಕಿ ಸಸಿ ಇರೂದಿಲ್ಲ.”

“ನಾ ಆಕಿಗೆ ಇಲ್ಲ ಅಂದೀನೇನು? ಮುಂದಿನ ಪಾಳಿ ಅಂದೆ.” ಅವನು ಕೈ ತೊಳೆಯಲು ಎದ್ದ.

ಜಂಬಮ್ಮ ಅವನ ತಟ್ಟೆ ಎತ್ತಿಟ್ಟಳು.

ಭಾನುವಾರ ಬೆಳಕು ಹರಿಯುವಾಗ ತೂಬಿನಿಂದ ನೀರು ಬಂತು. ಆಳು ರಾಮಾಂಜಿನಿ ಸನಿಕೆ ಹಿಡಿದು, ಇವರ ಎರಡೆಕರೆಗೆ ನೀರು ಇಳಿಯುವ ಬದುವಿನ ಬಾಯಿ ಬಿಚ್ಚಿ ನಿಂತಿದ್ದ. ಜಂಬಮ್ಮ ಬದುವಿನ ಮೇಲೆ ನಿಧಾನ ನಡೆದು ಬಂದಳು. ನೀರು ಕೆಂಪಗೆ, ಮುದುಕನಂತೆ ತಡವರಿಸುತ್ತ ಗದ್ದೆಯೊಳಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತು ನೋಡಿದಳು.

“ರಾಮಾಂಜಿನಿ, ಬಾಯಿ ಕಟ್ಟು. ಕೆಳಗ ಗಾದೆಮ್ಮಕ್ಕನ ಗದ್ದಿಗೆ ಹೋಗ್ಲಿ.”

“ಗೌಡ್ರು ನೀರು ನಮ್ಮ ಗದ್ದಿಗೇ ಬಿಡು ಅಂದಾರ್ರಿ ಅಮ್ಮ.”

“ಅವರು ಅಂದಿದ್ದು ಅವರಿಗೆ ಹೇಳು. ಸನಿಕಿ ಕೊಡು.”

ಅವನು ಕೊಡಲಿಲ್ಲ, ಕಟ್ಟಲೂ ಇಲ್ಲ. ಫೋನು ತೆಗೆದು ಪಕ್ಕಕ್ಕೆ ಸರಿದ. ಜಂಬಮ್ಮ ಸೀರೆ ಎತ್ತಿ ಕಟ್ಟಿ ಕೈಯಿಂದಲೇ ಕೆಸರು ಬಾಚಿದಳು. ಒಂದು ಗೊಬ್ಬರದ ಚೀಲ ಅಡ್ಡ ಒತ್ತಿ, ಅದರ ಮೇಲೆ ಹೆಂಟೆ, ಹೆಂಟೆಯ ಮೇಲೆ ಹುಲ್ಲು. ನೀರು ಒಂದಿಷ್ಟು ಏರಿ, ದಾರಿ ಹುಡುಕಿ, ಸಣ್ಣ ಕಾಲುವೆ ಹಿಡಿದು ಗಾದೆಮ್ಮನ ಕಡೆ ತಿರುಗಿತು. ಆಮೇಲೆ ಎಲ್ಲಿ ಕೂಡಲಿ ಎಂದು ಸುತ್ತ ನೋಡಿದಳು. ಬದುವೆಲ್ಲ ಹಸಿ. ಕಟ್ಟಿದ ಬಾಯಿಯ ಮೇಲೇ, ಚೀಲದ ಮೇಲೇ ಕುಳಿತುಬಿಟ್ಟಳು.

ಚಿದಾನಂದಪ್ಪನ ಬೈಕು ಬಂತು. ಅವನು ಇಳಿದು ನೀರು ನೋಡಿದ, ಹೆಂಡತಿಯನ್ನು ನೋಡಿದ.

“ಏಳಲೇ.”

“ಕಾಲು ಬ್ಯಾನಿ. ಏಳಾಕ ಆಗವಲ್ದು.”

“ಚ್ಯಾಷ್ಟಿ ಬಿಡು. ನಾಳೆ ಹೊಂಡಬೇಕು.”

“ಹೊಂಡಬೇಕಂದ್ರ ಸಂಜಿತನಕ ಇಲ್ಲಿ ಕುಂದ್ರಬೇಕು. ಈಗ ಎಬ್ಬಿಸಿದ್ರ ನಾಳೆ ನಾ ಏಳೂದಿಲ್ಲ.” ಆಕೆಯ ದನಿ ಏರಲಿಲ್ಲ. “ಗುರುವಾರ ಆ ಎಂಟು ಮಂದಿ ಮುಂದ ನಿಂದ್ರತೀರಂತಲ್ಲ. ಅವರು ನಿಮ್ಮೂರಾಗ ಹೆಂಗಪಾ ಅಂತ ಕೇಳಿದ್ರ ಏನ್ ಹೇಳ್ತೀರಿ?”

“ಅವರಿಗೇನು ಕನ್ನಡ ಬರತೈತಾ?”

“ನಿಮಗ ಬರತೈತಲ್ಲ.”

ರಾಮಾಂಜಿನಿ ಆಚೆ ತಿರುಗಿ ಕೆಮ್ಮಿದ. ಲೈಸೆನ್ಸಿನ ಹೆಸರು ಕೆಸರಿನ ಮೇಲೆ ಕುಳಿತಿತ್ತು; ಎಳೆದು ಎಬ್ಬಿಸುವಂತಿರಲಿಲ್ಲ.

“ನಮ್ಮ ಎರಡೆಕರಿ?” ಚಿದಾನಂದಪ್ಪ ಕೇಳಿದ.

“ಬಂದ ಮ್ಯಾಲೆ.”

“ಸಸಿ ಮುದಿ ಆಗತಾವಲ್ಲೇ.”

“ನಾವು ಆಗಿಲ್ಲೇನು?”

ಅವನು ತಲೆ ಕೊಡವಿ, “ರಾಮಾಂಜಿನಿ, ಆಕಿ ಬದು ಎಲ್ಯಾರ ಒಡದೈತೇನು ನೋಡು ಹೋಗು. ನೀರು ಹಾಳಾಗೋದು ಬ್ಯಾಡ” ಎಂದು ಬೈಕು ಹತ್ತಿದ.

ಬಿಸಿಲೇರಿದ ಮೇಲೆ ಗಾದೆಮ್ಮ ಬಂದಳು. ಆಳುಗಳನ್ನು ಕೂಗಿ ತಂದು, ಬಲಿತ ಸಸಿಯನ್ನೇ ಕೀಳಿಸಲು ಹಚ್ಚಿ ಬಂದಿದ್ದಳು. ಕೈಯಲ್ಲಿ ಮಜ್ಜಿಗೆಯ ತಂಬಿಗೆ.

“ನಾ ಕೇಳಿದ್ನೇನು ಜಂಬಮ್ಮ?”

“ಇಲ್ಲಕ್ಕ.”

“ಮತ್ಯಾಕ?”

“ನೀ ಕೇಳಲಿಲ್ಲಲ್ಲ, ಅದಕ್ಕ.”

ಗಾದೆಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಇಬ್ಬರೂ ನೀರು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಸಣ್ಣಗಾಯಿತು. ಮೇಲಿನ ಊರಿನವರು ಎಲ್ಲೋ ತಿರುಗಿಸಿಕೊಂಡಿದ್ದರು. ಗಾದೆಮ್ಮನ ಒಂದು ಮಡಿ ತುಂಬಿತ್ತು, ಇನ್ನೊಂದು ನೆನೆದಿತ್ತು, ಮೂರನೆಯದು ಬಿರುಕು ಬಿಟ್ಟುಕೊಂಡೇ ಇತ್ತು. ಜಂಬಮ್ಮನಿಗೆ ಅಳು ಬಂದಂತಾಯಿತು. ಇಷ್ಟು ದಿನ ಹೊತ್ತದ್ದನ್ನು ಇಳಿಸಲು ಬಂದರೆ ಅದೂ ಪೂರ್ತಿ ಇಳಿಯಲೊಲ್ಲದು.

“ಪೂರಾ ತೀರಲಿಲ್ಲಕ್ಕ.”

“ಅರ್ಧ ತೀರಿತು. ಉಳಿದದ್ದು ನೀ ಬಂದ ಮ್ಯಾಲೆ.” ಗಾದೆಮ್ಮ ತಂಬಿಗೆ ಚಾಚಿದಳು. “ಅಲ್ಲೇನು ನೋಡಾಕ ಹೊಂಟೀರಿ?”

“ಮೀನಂತ. ತೋಟ ಅಂತ. ನೆಲ್ಲು ಕೊಯ್ಯೋದು ಅಂತ.”

“ನೆಲ್ಲು ಕೊಯ್ಯೋದು ನೋಡಾಕ ಅಷ್ಟು ದೂರ ಹೋಗ್ತೀರಾ?” ಗಾದೆಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಬ್ಯಾರೇದೋರು ಕೊಯ್ಯೋದು ಕುಂತು ನೋಡಾಕ” ಎಂದಳು ಜಂಬಮ್ಮ. ಮಜ್ಜಿಗೆ ಕುಡಿದು ತಂಬಿಗೆ ಇಟ್ಟಳು. ನೀರು ನಿಂತಿದ್ದರೂ, ಪಾಳಿ ಸಂಜೆಯವರೆಗೂ ಗಾದೆಮ್ಮನದೇ ಆದ್ದರಿಂದ, ಚೀಲದ ಮೇಲಿಂದ ಏಳಲಿಲ್ಲ.